ಹ್ಯಾಕುರಿಯ ಸೊಟ್ಟ ದಾರಿ

(ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ಕತ್ತರಿ ಹಾಕಿದ್ದೇನೆ. ಮಾತಿನ ಧಾಟಿಯನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಈ ಚಿತ್ರ ನೋಡಿ. ಆಕಾಶದಿಂದ ತೆಗೆದದ್ದು. ಉದ್ದಕ್ಕೆ ಎರಡು ರನ್‌ವೇ ಕಾಣುತ್ತಿವೆ, ಒಂದೊಂದೂ 2,700 ಮೀಟರ್. ಜೊತೆಗೆ ವಿಮಾನಗಳು ಶೆಡ್ಡಿನಿಂದ ರನ್‌ವೇಗೆ ನಿಧಾನಕ್ಕೆ ಹೋಗಿಬರುವ ದಾರಿ ಇದೆ, ಟ್ಯಾಕ್ಸಿವೇ ಅಂತಾರಲ್ಲ, ಅದು. ನ್ಯಾಯವಾಗಿ ಅದು ಗೆರೆ ಎಳೆದ ಹಾಗೆ ನೆಟ್ಟಗೆ ಹೋಗಬೇಕು. ಆದರೆ ಇಲ್ಲಿ ನೋಡಿ, ಮೊಣಕೈ ಮಡಚಿದ ಹಾಗೆ ಸೊಟ್ಟಗಾಗಿದೆ. ಜಪಾನಿ ಲಿಪಿಯಲ್ಲಿ ‘ಕು’ ಅನ್ನುವ ಅಕ್ಷರ ಇದೇ ಆಕಾರದ್ದು. ಅದಕ್ಕೇ ಅಲ್ಲಿಯವರು ಇದನ್ನು ‘ಕು ಅಕ್ಷರದ ದಾರಿ’ ಅನ್ನುತ್ತಾರೆ.

ಇಷ್ಟು ಅಚ್ಚುಕಟ್ಟಿನ ದೇಶದಲ್ಲಿ, ಅದೂ ಯುದ್ಧವಿಮಾನಗಳ ನೆಲೆಯಲ್ಲಿ, ದಾರಿ ಯಾಕೆ ಸೊಟ್ಟಗಾಯಿತು? ಇವತ್ತು ನಾನು ಹೇಳಬೇಕಾಗಿರುವುದು ಹೆಚ್ಚುಕಮ್ಮಿ ಇದೊಂದನ್ನೇ. ವಿಮಾನಗಳ ಕಥೆ ನಡುವೆ ಬರುತ್ತದೆ. ಮುಂದಿನ ಸಾಲಿನಲ್ಲಿ ಕೂತಿರುವ ಹುಡುಗರು ಅದಕ್ಕೇ ಬಂದಿದ್ದಾರೆ ಅಂತ ಗೊತ್ತು, ಸ್ವಲ್ಪ ತಡೆದುಕೊಳ್ಳಿ.

ಈ ನೆಲೆಯ ಹೆಸರು ಹ್ಯಾಕುರಿ. ಟೋಕಿಯೊದಿಂದ ಈಶಾನ್ಯಕ್ಕೆ ಸುಮಾರು 80 ಕಿಲೋಮೀಟರ್, ಇಬಾರಾಕಿ ಪ್ರಾಂತ್ಯದಲ್ಲಿದೆ. ಬೆಂಗಳೂರಿನಿಂದ ತುಮಕೂರು ದಾಟಿ ಒಂದಿಷ್ಟು ಮುಂದೆ ಹೋದ ಹಾಗೆ ಅಂದುಕೊಳ್ಳಿ. ಟೋಕಿಯೊ ಸುತ್ತಲಿನ ಕಾಂಟೋ ಬಯಲಿನಲ್ಲಿ ಜಪಾನಿನ ಯುದ್ಧವಿಮಾನಗಳು ಇರುವ ನೆಲೆ ಇದೊಂದೇ. ರಾಜಧಾನಿಯ ಕಡೆಗೆ ಗುರುತಿಲ್ಲದ ವಿಮಾನ ಯಾವುದಾದರೂ ಬಂದರೆ ಇಲ್ಲಿಂದ ಎದ್ದು ಹೋಗಬೇಕು. ಹೆಸರಿನ ಅರ್ಥ ‘ನೂರು ರಿ’. ರಿ ಅಂದರೆ ನಮ್ಮ ಹರದಾರಿಯ ಹಾಗೆ ಹಳೆಯ ದೂರದ ಅಳತೆ, ಸುಮಾರು 4 ಕಿಲೋಮೀಟರ್.

1930ರ ದಶಕದ ಕೊನೆಯಲ್ಲಿ ಜಪಾನಿನ ನೌಕಾಪಡೆ ಇಲ್ಲಿ ವಿಮಾನ ಮೈದಾನ ಮಾಡಿತು. ಆಗಿನ ಹೆಸರು ಹ್ಯಾಕುರಿಹಾರಾ. ‘ಹಾರಾ’ ಅಂದರೆ ಬಯಲು. ವಿಮಾನವಾಹಕ ಹಡಗುಗಳಿಂದ ಹಾರುವ ಬಾಂಬರ್ ವಿಮಾನಗಳ ಹುಡುಗರಿಗೆ ಇಲ್ಲಿ ತರಬೇತಿ ಕೊಡುತ್ತಿದ್ದರು. 1945ರ ಹೊತ್ತಿಗೆ ತರಬೇತಿ ಅನ್ನುವ ಮಾತಿಗೇ ಅರ್ಥ ಉಳಿದಿರಲಿಲ್ಲ. ಕಲಿಯುತ್ತಿದ್ದವರನ್ನೂ ಕಲಿಸುತ್ತಿದ್ದವರನ್ನೂ ಸೇರಿಸಿ ಆತ್ಮಾಹುತಿ ತಂಡಗಳನ್ನು ಕಟ್ಟಿದರು. ದಕ್ಷಿಣದ ಕ್ಯುಶುವಿಗೆ ಕಳಿಸಿ, ಅಲ್ಲಿಂದ ಒಕಿನಾವಾ ಕದನಕ್ಕೆ ಹಾರಿಸಿದರು. ಹೋಗುವುದಕ್ಕೆ ಮಾತ್ರ ಲೆಕ್ಕ, ವಾಪಸ್ ಬರುವುದಕ್ಕೆ ಇಲ್ಲ.

ಆಗಸ್ಟ್ 1945ರಲ್ಲಿ ಯುದ್ಧ ಮುಗಿಯಿತು. ಸೈನ್ಯ ಹೋಯಿತು, ನೆಲ ಉಳಿಯಿತು. ದೇಶದಲ್ಲಿ ತಿನ್ನಲು ಅನ್ನವಿಲ್ಲ. ಹೊರದೇಶಗಳಿಂದ ಲಕ್ಷಗಟ್ಟಲೆ ಜನ ಬರಿಗೈಯಲ್ಲಿ ವಾಪಸ್ ಬರುತ್ತಿದ್ದಾರೆ. ಹಾಗಾಗಿ ಸರ್ಕಾರ ಇಂಥ ಹಳೆಯ ಸೇನಾ ಜಾಗಗಳನ್ನು ಸಾಗುವಳಿಗೆ ಬಿಟ್ಟುಕೊಟ್ಟಿತು. ಜನ ಹ್ಯಾಕುರಿಗೂ ಬಂದರು. ಗುಡಿಸಲು ಹಾಕಿಕೊಂಡರು, ಮೈದಾನವನ್ನು ಅಗೆದರು, ಬೆಳೆ ಇಟ್ಟರು. ಇಂಥ ನೆಲ ಒಂದೆರಡು ವರ್ಷಕ್ಕೆ ಕೈಗೆ ಬರುವುದಿಲ್ಲ. ಹತ್ತು ವರ್ಷ ಬೆವರು ಸುರಿಸಿದ ಮೇಲೆ ಹೇಗೋ ಒಂದು ದಾರಿಗೆ ಬಂತು ಅನ್ನುವಷ್ಟರಲ್ಲಿ, 1956ರಲ್ಲಿ ಸುದ್ದಿ ಬಂತು: ಇಲ್ಲಿ ಮತ್ತೆ ವಾಯುನೆಲೆ ಮಾಡುತ್ತಾರಂತೆ.

ನಮ್ಮಲ್ಲಿ ಭೂಸ್ವಾಧೀನದ ನೋಟೀಸು ಬಂದ ಊರಿನ ಮುಖ ನೀವು ನೋಡಿದ್ದರೆ, ಆಗ ಅಲ್ಲಿ ಏನಾಯಿತು ಅಂತ ನಾನು ವಿವರಿಸಬೇಕಾಗಿಲ್ಲ. ಕೆಲವರು ‘ಬಂದಷ್ಟು ದುಡ್ಡು ಬರಲಿ, ಕೊಟ್ಟುಬಿಡೋಣ’ ಅಂದರು. ಕೆಲವರು ‘ಸತ್ತರೂ ಕೊಡುವುದಿಲ್ಲ’ ಅಂದರು. ಊರು ಎರಡು ಭಾಗವಾಯಿತು. ಆಗ ಆ ಪ್ರದೇಶ ಒಗಾವಾ ಅನ್ನುವ ಪಟ್ಟಣಕ್ಕೆ ಸೇರಿತ್ತು, ಈಗ ಒಮಿತಾಮಾ ನಗರಕ್ಕೆ ಸೇರಿದೆ. 1957ರ ಚುನಾವಣೆಯಲ್ಲಿ ನೆಲೆ ಬೇಡ ಅನ್ನುವ ಬಣದ ಮಹಿಳೆಯೊಬ್ಬರು ಪಟ್ಟಣದ ಮೇಯರ್ ಆಗಿ ಗೆದ್ದರು. 1957ರ ಜಪಾನಿನ ಹಳ್ಳಿಗಾಡಿನಲ್ಲಿ ಒಬ್ಬ ಹೆಂಗಸು ಮೇಯರ್! ಅದೇ ಒಂದು ದೊಡ್ಡ ಸುದ್ದಿ.

ಇನ್ನು ಕೋರ್ಟಿನ ಕಥೆ. ಸ್ವಲ್ಪ ಗಮನ ಕೊಟ್ಟು ಕೇಳಿ, ಇದು ನಮ್ಮ ತಾಲ್ಲೂಕು ಕೋರ್ಟಿನ ಜಮೀನು ವ್ಯಾಜ್ಯದ ಹಾಗೇ ಶುರುವಾಗುತ್ತದೆ. ನೆಲೆಗೆ ಬೇಕಾದ ಜಾಗದಲ್ಲಿ ಒಬ್ಬ ರೈತನ ಜಮೀನಿತ್ತು. ಆತ ಅದನ್ನು ಮೊದಲು ನೆಲೆಯ ವಿರೋಧಿಗಳ ಕಡೆಯ ಒಬ್ಬರಿಗೆ ಮಾರಿದ. ಮುಂಗಡ ಬಂತು, ಬಾಕಿ ಬರಲಿಲ್ಲ. ಕಾದು ಕಾದು ಸಾಕಾಗಿ ಆತ ಆ ವ್ಯಾಪಾರ ರದ್ದು ಅಂದ, 1958ರಲ್ಲಿ ಅದೇ ಜಮೀನನ್ನು ಸರ್ಕಾರಕ್ಕೆ ಮಾರಿಬಿಟ್ಟ. ಜಮೀನು ಯಾರದ್ದು? ಕೇಸು ಬಿತ್ತು.

ಇಲ್ಲಿಯವರೆಗೆ ಏನೂ ವಿಶೇಷವಿಲ್ಲ, ಅಲ್ವಾ? ವಿರೋಧಿಗಳ ಪರವಾಗಿ ನಿಂತವರು ಕೇಳಿದ ಪ್ರಶ್ನೆಯೇ ಬೇರೆ. ಜಪಾನಿನ ಸಂವಿಧಾನ ಜಾರಿಗೆ ಬಂದದ್ದು 1947ರಲ್ಲಿ. ಅದರ 9ನೇ ವಿಧಿಯ ಪ್ರಕಾರ ಜಪಾನ್ ಯುದ್ಧವನ್ನು ಶಾಶ್ವತವಾಗಿ ಕೈಬಿಟ್ಟಿದೆ, ಭೂಸೇನೆ, ನೌಕಾಸೇನೆ, ವಾಯುಸೇನೆ ಯಾವುದನ್ನೂ ಇಟ್ಟುಕೊಳ್ಳುವುದಿಲ್ಲ. ಆದರೆ 1954ರಲ್ಲಿ ‘ಆತ್ಮರಕ್ಷಣಾ ಪಡೆ’ ಅನ್ನುವ ಹೆಸರಿನಲ್ಲಿ ಮೂರೂ ಹುಟ್ಟಿದವು. ಹೆಸರಿನಲ್ಲಿ ಸೇನೆ ಇಲ್ಲ, ಕೈಯಲ್ಲಿ ಜೆಟ್ ವಿಮಾನ ಇದೆ. ವಿರೋಧಿಗಳ ವಾದ ಸರಳವಾಗಿತ್ತು: ಈ ಪಡೆಯೇ ಸಂವಿಧಾನಕ್ಕೆ ವಿರುದ್ಧ, ಹಾಗಿದ್ದಮೇಲೆ ಅದಕ್ಕೋಸ್ಕರ ಸರ್ಕಾರ ಮಾಡಿಕೊಂಡ ಕ್ರಯವೂ ಊರ್ಜಿತವಲ್ಲ. ಒಂದು ತುಂಡು ಹೊಲದ ಕ್ರಯಪತ್ರ ಹಿಡಿದುಕೊಂಡು ಇಡೀ ದೇಶದ ಸೇನೆಯನ್ನೇ ಕಟಕಟೆಗೆ ತಂದು ನಿಲ್ಲಿಸಿದರು!

ಮಿತೊ ಜಿಲ್ಲಾ ಕೋರ್ಟು ತೀರ್ಪು ಕೊಟ್ಟದ್ದು 1977ರಲ್ಲಿ. ಹತ್ತೊಂಬತ್ತು ವರ್ಷ ಆಯಿತು, ಇದೂ ನಮ್ಮೂರಿನ ಕೇಸಿನ ಹಾಗೇ. ದೇಶಕ್ಕೆ ತನ್ನನ್ನು ಕಾಪಾಡಿಕೊಳ್ಳುವ ಹಕ್ಕಿದೆ ಎಂದ ಕೋರ್ಟು, ಸರ್ಕಾರದ ಕಡೆಗೆ ತೀರ್ಪು ಕೊಟ್ಟಿತು. 1981ರಲ್ಲಿ ಟೋಕಿಯೊ ಹೈಕೋರ್ಟಿನಲ್ಲೂ ಸರ್ಕಾರವೇ ಗೆದ್ದಿತು. ಕೊನೆಗೆ 1989ರ ಜೂನ್ 20ರಂದು ಸುಪ್ರೀಂ ಕೋರ್ಟು ಹೇಳಿದ್ದು ಇನ್ನೂ ಸ್ವಾರಸ್ಯ. ಜಮೀನು ಕೊಳ್ಳುವಾಗ ಸರ್ಕಾರವೂ ಒಬ್ಬ ಸಾಮಾನ್ಯ ಖರೀದಿದಾರನ ಹಾಗೆ. ಅಂಥ ಖಾಸಗಿ ವ್ಯವಹಾರಕ್ಕೆ 9ನೇ ವಿಧಿ ನೇರವಾಗಿ ಅನ್ವಯ ಆಗುವುದಿಲ್ಲ. ಅಲ್ಲಿಗೆ ಕೇಸು ಮುಗಿಯಿತು. ಸೇನೆ ಸಂವಿಧಾನಬದ್ಧವೋ ಅಲ್ಲವೋ ಅನ್ನುವ ಮೂಲ ಪ್ರಶ್ನೆಗೆ ಉತ್ತರ ಕೊಡುವ ಗೋಜಿಗೇ ಕೋರ್ಟು ಹೋಗಲಿಲ್ಲ. ಮೂವತ್ತೊಂದು ವರ್ಷ ಕಾಯಿಸಿ ಹೀಗೆ ಪಕ್ಕಕ್ಕೆ ಸರಿದದ್ದು ಜಾಣತನ ಅನ್ನುವವರಿದ್ದಾರೆ. ನನಗೆ ಮಾತ್ರ ಅದು ಜಾರಿಕೊಂಡ ಹಾಗೆ ಕಾಣುತ್ತದೆ.

ಇನ್ನು ನಮ್ಮ ಸೊಟ್ಟ ದಾರಿಗೆ ಬರೋಣ. ಕೋರ್ಟಿಗೆ ಹೋದದ್ದು ಒಬ್ಬರ ಜಮೀನು. ಮಾರಲೇ ಇಲ್ಲದವರ ಜಮೀನೂ ಇತ್ತು. ಇದರ ಜೊತೆಗೆ ವಿರೋಧಿಗಳು ಇನ್ನೊಂದು ಉಪಾಯ ಮಾಡಿದರು. ಒಂದು ತುಂಡು ನೆಲವನ್ನು ಬಹಳ ಜನರ ಹೆಸರಿಗೆ ಹಂಚಿದರು. ಇದಕ್ಕೆ ಜಪಾನಿನಲ್ಲಿ ‘ಒಂದು ತ್ಸುಬೊ ಜಮೀನ್ದಾರಿಕೆ’ ಅನ್ನುತ್ತಾರೆ. ತ್ಸುಬೊ ಅಂದರೆ 3.3 ಚದರ ಮೀಟರ್. ಇಬ್ಬರು ಮಲಗುವಷ್ಟು ಜಾಗ, ಅಷ್ಟೇ. ಅಷ್ಟಷ್ಟಕ್ಕೆ ಒಬ್ಬೊಬ್ಬ ಮಾಲೀಕ ಅಂತಾದರೆ ಸರ್ಕಾರ ಯಾರ ಮನೆ ಬಾಗಿಲು ತಟ್ಟಬೇಕು? ಅಣ್ಣತಮ್ಮಂದಿರ ಜಂಟಿ ಖಾತೆ ಬಿಡಿಸುವುದಕ್ಕೇ ನಾವು ಜೀವನಪೂರ್ತಿ ಅಲೆಯುತ್ತೇವೆ! ಕೊನೆಗೆ ಆ ನೆಲವನ್ನು ಬಿಟ್ಟು, ಅದನ್ನು ಬಳಸಿಕೊಂಡು ಟ್ಯಾಕ್ಸಿವೇ ಹಾಕಿದರು. ಆ ತುಂಡಿನಲ್ಲಿ ಒಂದು ಪುಟ್ಟ ಶಾಂತಿ ಉದ್ಯಾನ ಇದೆ, ಬೆಳೆ ಕಾಯುವ ದೇವರು ಇನಾರಿಯ ಒಂದು ಗುಡಿ ಇದೆ. ಆತ್ಮರಕ್ಷಣಾ ಪಡೆ ಸಂವಿಧಾನ ವಿರೋಧಿ ಅಂತ ದೊಡ್ಡ ಅಕ್ಷರದಲ್ಲಿ ಬರೆದ ಫಲಕವೂ ಇದೆ. ಕೋಟಿಗಟ್ಟಲೆ ಬೆಲೆಯ ಯುದ್ಧವಿಮಾನ ಆ ಜಾಗಕ್ಕೆ ಬಂದಾಗ ತಿರುಗಿಕೊಂಡು ಹೋಗಬೇಕು.

ಹುಡುಗರೇ, ಈಗ ವಿಮಾನಗಳು.

ಹ್ಯಾಕುರಿ ನೆಲೆ ಕೆಲಸಕ್ಕೆ ನಿಂತದ್ದು 1966ರಲ್ಲಿ. ಮೊದಲು ಇಲ್ಲಿದ್ದದ್ದು ಎಫ್-104, ಪೆನ್ಸಿಲ್ಲಿಗೆ ಎರಡು ಚೂರು ರೆಕ್ಕೆ ಅಂಟಿಸಿದ ಹಾಗೆ ಇರುವ ವಿಮಾನ. ಆಮೇಲೆ ಫ್ಯಾಂಟಮ್ ಬಂತು, ಎಫ್-4. ಇದರ ಕಥೆಯಲ್ಲಿ ಜಪಾನಿನ ಮನಸ್ಸು ಚೆನ್ನಾಗಿ ಕಾಣುತ್ತದೆ. ಅಮೆರಿಕದ ಫ್ಯಾಂಟಮ್ ಬಾಂಬು ಹಾಕುವುದರಲ್ಲಿ ಹೆಸರುವಾಸಿ, ಆಕಾಶದಲ್ಲೇ ಇಂಧನ ತುಂಬಿಸಿಕೊಂಡು ದೂರ ಹೋಗುವುದರಲ್ಲೂ ಅಷ್ಟೇ. ಜಪಾನ್ ಕೊಳ್ಳುವಾಗ ಬಾಂಬು ಹಾಕುವ ಉಪಕರಣ ತೆಗೆಸಿತು, ಆಕಾಶದಲ್ಲಿ ಇಂಧನ ತುಂಬಿಸಿಕೊಳ್ಳುವ ಅನುಕೂಲವನ್ನೂ ಕೆಲಸ ಮಾಡದ ಹಾಗೆ ಮಾಡಿಸಿತು. ಯಾಕೆ? ದೂರ ಹೋಗಿ ಬಾಂಬು ಹಾಕುವ ವಿಮಾನ ಇಟ್ಟುಕೊಂಡರೆ ಅಕ್ಕಪಕ್ಕದ ದೇಶಗಳು ಬೆಚ್ಚುತ್ತವೆ, ಸಂಸತ್ತಿನಲ್ಲೂ ಗಲಾಟೆ. ಬರೀ ಕಾಪಾಡಿಕೊಳ್ಳುವುದಕ್ಕೆ ಅನ್ನುವ ಈ ನೀತಿಗೆ ಅವರು ‘ಸೆನ್‌ಶು ಬೋಯೆ’ ಅನ್ನುತ್ತಾರೆ. ಹಲ್ಲು ಕೀಳಿಸಿದ ಹುಲಿಯನ್ನು ಪೂರ್ತಿ ದುಡ್ಡು ಕೊಟ್ಟು ತಂದ ಹಾಗೆ. ಮುಂದೆ ಕಾಲ ಬದಲಾಯಿತು. ಇದೇ ವಿಮಾನಗಳನ್ನು ಸುಧಾರಿಸುವಾಗ ಕಿತ್ತ ಹಲ್ಲುಗಳನ್ನು ಸದ್ದಿಲ್ಲದೆ ಒಂದೊಂದಾಗಿ ಮತ್ತೆ ಕಟ್ಟಿಸಿದರು.

ಜಪಾನಿನ ಮೊದಲ ಫ್ಯಾಂಟಮ್ ಸ್ಕ್ವಾಡ್ರನ್, 301ನೆಯದು, ಶುರುವಾದದ್ದು ಹ್ಯಾಕುರಿಯಲ್ಲೇ, 1973ರಲ್ಲಿ. ಅದರ ಲಾಂಛನ ಕಪ್ಪೆ. ನಗಬೇಡಿ. ಹತ್ತಿರದಲ್ಲೇ ತ್ಸುಕುಬಾ ಬೆಟ್ಟ ಇದೆ, ಅಲ್ಲಿಯ ನೆಲಗಪ್ಪೆ ಆ ಸೀಮೆಯಲ್ಲಿ ಬಹಳ ಪ್ರಸಿದ್ಧ. ಜೊತೆಗೆ ಜಪಾನಿಯಲ್ಲಿ ಕಪ್ಪೆಗೆ ‘ಕಾಯೆರು’ ಅನ್ನುತ್ತಾರೆ, ವಾಪಸ್ ಬರುವುದು ಅನ್ನುವುದಕ್ಕೂ ‘ಕಾಯೆರು’. ಪೈಲಟ್‌ಗೆ ಇದಕ್ಕಿಂತ ಒಳ್ಳೆಯ ಶಕುನ ಬೇಕೇ? 305ನೇ ಸ್ಕ್ವಾಡ್ರನ್ನಿನ ಲಾಂಛನ ಪ್ಲಮ್ ಹೂವು, ಪಕ್ಕದ ಮಿತೊ ನಗರದ ಕೈರಾಕುಎನ್ ತೋಟದ ನೆನಪಿಗೆ.

ಜಗತ್ತಿನಲ್ಲಿ ತಯಾರಾದ ಕಟ್ಟಕಡೆಯ ಫ್ಯಾಂಟಮ್ 1981ರಲ್ಲಿ ಜಪಾನಿನ ಮಿತ್ಸುಬಿಷಿ ಕಾರ್ಖಾನೆಯಿಂದ ಹೊರಬಂತು, ನಂಬರು 440. ಅದೂ ಕೊನೆಯ ದಿನಗಳನ್ನು ಕಳೆದದ್ದು ಹ್ಯಾಕುರಿಯಲ್ಲೇ. 2020ರ ಡಿಸೆಂಬರಿನಲ್ಲಿ 301ನೇ ಸ್ಕ್ವಾಡ್ರನ್ ಎಫ್-35 ವಿಮಾನಕ್ಕೆ ಬದಲಾಗಿ ಉತ್ತರದ ಮಿಸಾವಾಗೆ ಹೋಯಿತು. ಅಲ್ಲಿಗೆ ಹ್ಯಾಕುರಿಯಲ್ಲಿ ಫ್ಯಾಂಟಮ್ ಕಾಲ ಮುಗಿಯಿತು.

ನಡುವೆ ಒಂದು ಪತ್ತೇದಾರಿ ಕಥೆ ಬಿಟ್ಟೆ. 1976ರ ಸೆಪ್ಟೆಂಬರ್ 6. ಸೋವಿಯತ್ ಪೈಲಟ್ ವಿಕ್ಟರ್ ಬೆಲೆಂಕೊ ತನ್ನ ಮಿಗ್-25 ವಿಮಾನವನ್ನು ಹಾರಿಸಿಕೊಂಡು ದೇಶ ಬಿಟ್ಟು ಓಡಿಬಂದ. ಜಪಾನಿನ ರಾಡಾರ್ ಮೊದಲು ನೋಡಿತು, ಚಿತೊಸೆ ನೆಲೆಯಿಂದ ಫ್ಯಾಂಟಮ್‌ಗಳು ಎದ್ದವು. ಆದರೆ ಆತ ಸಮುದ್ರಕ್ಕೆ ತಾಗುವಷ್ಟು ಕೆಳಗೆ ಹಾರಿದ. ಮೇಲಿನಿಂದ ಕೆಳಗೆ ನೋಡುವುದರಲ್ಲಿ ಫ್ಯಾಂಟಮ್ ರಾಡಾರ್ ಅಷ್ಟಕ್ಕಷ್ಟೆ. ತಪ್ಪಿಸಿಕೊಂಡು ಹೋಗಿ ಹೊಕ್ಕೈಡೊದ ಹಾಕೊಡಾತೆಯಲ್ಲಿ, ಸಾಮಾನ್ಯ ಪ್ರಯಾಣಿಕರ ವಿಮಾನ ನಿಲ್ದಾಣದಲ್ಲಿ ಇಳಿದೇಬಿಟ್ಟ. ರನ್‌ವೇ ಸಾಲದೆ ವಿಮಾನ ಆಚೆಗೆ ಮಣ್ಣಿಗೆ ನುಗ್ಗಿ ನಿಂತಿತು.

ಆಮೇಲೆ ನಡೆದದ್ದು ತಮಾಷೆ. ಇದು ಅಕ್ರಮವಾಗಿ ದೇಶದೊಳಗೆ ಬಂದ ಕೇಸು, ನಮ್ಮ ಕೆಲಸ ಅಂತ ಪೊಲೀಸರು ಹಗ್ಗ ಕಟ್ಟಿ ಕಾವಲು ನಿಂತರು. ಸೇನೆಯವರನ್ನೇ ದೂರ ಇಟ್ಟರು! ಶೀತಲ ಸಮರದ ದೊಡ್ಡ ಗುಟ್ಟೊಂದು ಮಣ್ಣಿನಲ್ಲಿ ಮೂಗು ತೂರಿಸಿ ನಿಂತಿದೆ, ಇಲ್ಲಿ ನಿನ್ನ ಇಲಾಖೆಯೋ ನನ್ನ ಇಲಾಖೆಯೋ ಅಂತ ಜಗಳ. ಕೊನೆಗೆ ಸೆಪ್ಟೆಂಬರ್ 25ರಂದು ಅಮೆರಿಕದ ದೈತ್ಯ ಗ್ಯಾಲಕ್ಸಿ ವಿಮಾನದ ಹೊಟ್ಟೆಯಲ್ಲಿ ಮಿಗ್ಗನ್ನು ಇಟ್ಟುಕೊಂಡು ತಂದದ್ದು ಎಲ್ಲಿಗೆ? ಹ್ಯಾಕುರಿಗೆ.

ಇಲ್ಲಿ ಜಪಾನಿನವರೂ ಅಮೆರಿಕದವರೂ ಸೇರಿ ಅದನ್ನು ಬಿಚ್ಚಿ ನೋಡಿದರು. ಅಮೆರಿಕದವರು ವರ್ಷಗಟ್ಟಲೆ ಈ ವಿಮಾನಕ್ಕೆ ಹೆದರಿಕೊಂಡಿದ್ದರು. ಟೈಟಾನಿಯಂ ಮೈ ಇರಬೇಕು, ಆಕಾಶದಲ್ಲಿ ಹಕ್ಕಿಯ ಹಾಗೆ ತಿರುಗುತ್ತಿರಬೇಕು ಅಂತ ಅಂದಾಜು. ಬಿಚ್ಚಿದರೆ ಹೆಚ್ಚಿನ ಭಾಗ ನಿಕ್ಕಲ್ ಬೆರೆತ ಉಕ್ಕು. ಒಳಗೆ ರೇಡಿಯೊ ವಾಲ್ವುಗಳು, ನಮ್ಮ ತಾತನ ಕಾಲದ ಮರ್ಫಿ ರೇಡಿಯೊದಲ್ಲಿ ಇದ್ದಂಥವು. ಭಾರೀ ವೇಗ ನಿಜ, ಆದರೆ ಅದು ನೆಟ್ಟಗೆ ಓಡುವ ಕುದುರೆ. ನೋಡುವುದೆಲ್ಲ ನೋಡಿ ಆದಮೇಲೆ ನವೆಂಬರಿನಲ್ಲಿ ಬಿಡಿ ಭಾಗಗಳನ್ನು ಸುಮಾರು 30 ಪೆಟ್ಟಿಗೆಗಳಿಗೆ ತುಂಬಿ ಹಿಟಾಚಿ ಬಂದರಿನಿಂದ ಸೋವಿಯತ್ ಹಡಗಿಗೆ ಹಾಕಿ ಕಳಿಸಿದರು. ಸಾಗಣೆಯ ಖರ್ಚು, ವಿಮಾನ ನಿಲ್ದಾಣಕ್ಕೆ ಆದ ನಷ್ಟ ಅಂತ ಬಿಲ್ಲನ್ನೂ ಕೊಟ್ಟರು. ಅಂದಹಾಗೆ ಐದು ವರ್ಷದ ನಂತರ ನಮ್ಮ ವಾಯುಪಡೆಯೂ ಮಿಗ್-25 ತರಿಸಿತು. ಎತ್ತರದಿಂದ ಫೋಟೋ ತೆಗೆಯುವ ಮಾದರಿ, ಬರೇಲಿಯಲ್ಲಿತ್ತು, 2006ರವರೆಗೆ ಹಾರಿತು.

ಹ್ಯಾಕುರಿಯಲ್ಲೂ ಫೋಟೋ ತೆಗೆಯುವ ವಿಮಾನಗಳಿದ್ದವು, 501ನೇ ಸ್ಕ್ವಾಡ್ರನ್ನಿನ ಆರ್‌ಎಫ್-4. ಶತ್ರುವಿನ ನೆಲದ ಚಿತ್ರ ತೆಗೆಯಲು ಮಾಡಿದವು. ಆದರೆ ಅವು ನಿಜವಾಗಿ ಬೇಕಾದದ್ದು ತಮ್ಮ ನೆಲದ ದುರಂತಗಳಲ್ಲಿ. 2011ರ ಮಾರ್ಚ್ 11ರ ಭೂಕಂಪ, ಸುನಾಮಿ ನಿಮಗೆಲ್ಲ ನೆನಪಿರುತ್ತದೆ. ಮಿಯಾಗಿಯ ಮತ್ಸುಶಿಮಾ ವಾಯುನೆಲೆಗೇ ನೀರು ನುಗ್ಗಿ 28 ವಿಮಾನಗಳು ಮುಳುಗಿದವು. ಅವುಗಳಲ್ಲಿ 18 ಎಫ್-2 ಯುದ್ಧವಿಮಾನಗಳು. ಹ್ಯಾಕುರಿ ಒಳನಾಡಿನಲ್ಲಿದ್ದುದರಿಂದ ನೀರು ಬರಲಿಲ್ಲ. ಇಲ್ಲಿಂದ ಎದ್ದ ವಿಮಾನಗಳು ಕರಾವಳಿಯ ಹಾನಿಯ ಚಿತ್ರ ತೆಗೆದವು, ರಕ್ಷಣಾ ಹೆಲಿಕಾಪ್ಟರುಗಳು ಜನರನ್ನು ಎತ್ತಿ ತಂದವು. 501ನೇ ಸ್ಕ್ವಾಡ್ರನ್ 2020ರ ಮಾರ್ಚಿನಲ್ಲಿ ಬಾಗಿಲು ಹಾಕಿತು.

ಆ ಭೂಕಂಪದ ದಿನ ಹ್ಯಾಕುರಿಯಲ್ಲಿ ಇನ್ನೊಂದು ವಿಚಿತ್ರ ಕೂಡಿಬಂದಿತ್ತು. 2010ರ ಮಾರ್ಚ್ 11ರಂದು ಇದೇ ನೆಲೆಯ ಪಕ್ಕಕ್ಕೆ ಇಬಾರಾಕಿ ವಿಮಾನ ನಿಲ್ದಾಣ ಅಂತ ಪ್ರಯಾಣಿಕರ ಟರ್ಮಿನಲ್ ಶುರುವಾಗಿತ್ತು. ಎರಡನೇ ರನ್‌ವೇ ಹಾಕಿದ್ದೂ ಅದಕ್ಕಾಗಿಯೇ. ಸರಿಯಾಗಿ ಒಂದು ವರ್ಷ ತುಂಬಿದ ದಿನವೇ ಭೂಮಿ ನಡುಗಿ ಟರ್ಮಿನಲ್ಲಿನ ಚಾವಣಿಯ ಹಲಗೆಗಳು ಕಳಚಿ ಬಿದ್ದವು. ಕಡಿಮೆ ದರದ ವಿಮಾನಗಳಿಗೆ ಮಾಡಿದ ನಿಲ್ದಾಣ ಇದು. ಹಾಗಾಗಿ ಏರೋಬ್ರಿಜ್ ಎಲ್ಲ ಇಲ್ಲ, ನಮ್ಮ ಬಸ್ ಸ್ಟ್ಯಾಂಡಿನ ಹಾಗೆ ನಡೆದುಕೊಂಡು ಹೋಗಿ ಹತ್ತುವುದು. ಕರ್ನಾಟಕದವರಿಗೆ ಈ ಏರ್ಪಾಡು ಹೊಸದಲ್ಲ. ಬೀದರಿನಲ್ಲಿ ವಾಯುಪಡೆಯ ರನ್‌ವೇ ಮೇಲೇ ಪ್ರಯಾಣಿಕರ ವಿಮಾನ ಇಳಿಯುತ್ತದೆ, 2020ರಿಂದ. ಇಬಾರಾಕಿಯವರು ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ವೀಕ್ಷಣಾ ಜಗಲಿಯ ಕೆಲವು ಗಾಜುಗಳು ನೇರ ನೋಡಿದರೆ ಕಾಣುತ್ತವೆ, ಓರೆಯಾಗಿ ಸೇನೆಯ ಕಡೆಗೆ ನೋಡಿದರೆ ಮಬ್ಬು!

ಇವತ್ತು ಹ್ಯಾಕುರಿಯಲ್ಲಿ ಇರುವುದು 7ನೇ ವಾಯುದಳ. ಅದರ ಕೈಯಲ್ಲಿ ಎಫ್-2 ವಿಮಾನಗಳ 3ನೇ ಸ್ಕ್ವಾಡ್ರನ್ ಇದೆ, 2020ರಲ್ಲಿ ಮಿಸಾವಾದಿಂದ ಬಂದದ್ದು. ಅಮೆರಿಕದ ಎಫ್-16ರ ಮೇಲೆ ಜಪಾನ್ ಕಟ್ಟಿಕೊಂಡ ವಿಮಾನ ಎಫ್-2. ನಾಲ್ಕು ಹಡಗು-ನಾಶಕ ಕ್ಷಿಪಣಿ ಹೊತ್ತು ಹಾರಬಲ್ಲದು. ಸಮುದ್ರದ ಮೇಲೆ ಕಾಣದಿರಲಿ ಅಂತ ಅದರ ಬಣ್ಣವೂ ನೀಲಿ. ದಿನದ 24 ಗಂಟೆಯೂ ಒಂದಿಷ್ಟು ಪೈಲಟ್‌ಗಳು ಹಾರುವ ಉಡುಪಿನಲ್ಲೇ ಕೂತಿರುತ್ತಾರೆ. ಗಂಟೆ ಹೊಡೆಯಿತೆಂದರೆ ಐದು ನಿಮಿಷದಲ್ಲಿ ವಿಮಾನ ನೆಲ ಬಿಡಬೇಕು. ಇದಕ್ಕೆ ಸ್ಕ್ರಾಂಬಲ್ ಅನ್ನುತ್ತಾರೆ. ಜಪಾನಿನ ಪೂರ್ವ ಕರಾವಳಿಯ ಉದ್ದಕ್ಕೂ ರಷ್ಯಾದ ವಿಮಾನಗಳು ಹಾರಿಕೊಂಡು ಬರುವುದಕ್ಕೆ ‘ಟೋಕಿಯೊ ಎಕ್ಸ್‌ಪ್ರೆಸ್’ ಅಂತಲೇ ಅಡ್ಡಹೆಸರು ಬಿದ್ದಿದೆ. 2016ರ ಆರ್ಥಿಕ ವರ್ಷದಲ್ಲಿ ಇಡೀ ಜಪಾನಿನಲ್ಲಿ 1,168 ಸ್ಕ್ರಾಂಬಲ್ ಆದವು, ಶೀತಲ ಸಮರದ ಕಾಲಕ್ಕಿಂತಲೂ ಜಾಸ್ತಿ. ಅದರಲ್ಲಿ 851 ಚೀನಾದ ವಿಮಾನಗಳಿಗಾಗಿ. ಹಾಗಾಗಿ ಹೆಚ್ಚಿನ ಓಡಾಟ ಒಕಿನಾವಾದ ನಾಹಾ ನೆಲೆಗೆ. 2009ರಲ್ಲೇ ಹ್ಯಾಕುರಿಯ ಎಫ್-15 ಸ್ಕ್ವಾಡ್ರನ್ ಒಂದನ್ನು ನಾಹಾಗೆ ಕಳಿಸಿ, ಅಲ್ಲಿಯ ಹಳೆಯ ಫ್ಯಾಂಟಮ್‌ಗಳನ್ನು ಇಲ್ಲಿಗೆ ತಂದಿದ್ದರು. ದೇಶದ ಆತಂಕ ಉತ್ತರದಿಂದ ದಕ್ಷಿಣಕ್ಕೆ ಸರಿದದ್ದು ಈ ಒಂದು ಅದಲುಬದಲಿನಲ್ಲೇ ಗೊತ್ತಾಗುತ್ತದೆ.

ಕೊನೆಗೆ ನಮ್ಮವರ ವಿಷಯ. 2023ರ ಜನವರಿ 12ರಿಂದ 26ರವರೆಗೆ ಭಾರತ, ಜಪಾನ್ ಎರಡೂ ವಾಯುಪಡೆಗಳು ಹ್ಯಾಕುರಿಯಲ್ಲಿ ‘ವೀರ್ ಗಾರ್ಡಿಯನ್’ ಅನ್ನುವ ಅಭ್ಯಾಸ ನಡೆಸಿದವು. ಎರಡು ದೇಶಗಳ ಯುದ್ಧವಿಮಾನಗಳು ಹೀಗೆ ಜೊತೆಗೂಡಿದ್ದು ಅದೇ ಮೊದಲು. ನಮ್ಮಿಂದ ನಾಲ್ಕು ಸುಖೋಯ್-30 ಎಂಕೆಐ ಹೋದವು, ಅವರ ಕಡೆ ನಾಲ್ಕು ಎಫ್-2, ನಾಲ್ಕು ಎಫ್-15. ತಂಡದಲ್ಲಿ ಸ್ಕ್ವಾಡ್ರನ್ ಲೀಡರ್ ಅವನಿ ಚತುರ್ವೇದಿ ಇದ್ದರು, ಭಾರತದ ಮೊದಲ ಮೂವರು ಮಹಿಳಾ ಯುದ್ಧ ಪೈಲಟ್‌ಗಳಲ್ಲಿ ಒಬ್ಬರು. ಅವರು ಹಾಕ್ ಜೆಟ್ ವಿಮಾನ ಹಾರಿಸಲು ಕಲಿತದ್ದು ನಮ್ಮ ಬೀದರಿನಲ್ಲಿ. ಆ ಹಾಕ್‌ಗಳನ್ನು ಭಾರತದಲ್ಲಿ ತಯಾರಿಸಿದ್ದು ಬೆಂಗಳೂರಿನ ಎಚ್‌ಎಎಲ್.

ಜಪಾನಿನ ಪೈಲಟ್‌ಗಳಿಗೆ ಈ ಅಭ್ಯಾಸದಲ್ಲಿ ಸಿಕ್ಕ ದೊಡ್ಡ ಲಾಭ ಏನು ಅಂತ ಯೋಚಿಸಿ. ಸುಖೋಯ್ ರಷ್ಯಾದ ವಿನ್ಯಾಸ. ಅದರ ಒಡಹುಟ್ಟುಗಳನ್ನು ಚೀನಾವೂ ರಷ್ಯಾವೂ ಹಾರಿಸುತ್ತವೆ. ಸ್ಕ್ರಾಂಬಲ್ ಆದಾಗ ದೂರದಿಂದ ನೋಡಿ ವಾಪಸ್ ಬರುತ್ತಿದ್ದ ವಿಮಾನ ಈಗ ಅತಿಥಿಯಾಗಿ ಬಂದು ಅಂಗಳದಲ್ಲಿ ನಿಂತಿತ್ತು. ಹ್ಯಾಕುರಿಗೆ 1976ರಲ್ಲಿ ಒಂದು ರಷ್ಯನ್ ವಿಮಾನ ಬಂದಾಗ ಬಿಚ್ಚಿ ನೋಡಬೇಕಾಗಿತ್ತು. 2023ರಲ್ಲಿ ಬಂದದ್ದು ತ್ರಿವರ್ಣ ಹಾಕಿಕೊಂಡಿತ್ತು, ಜೊತೆಗೇ ಹಾರಿತು. ಬಿಚ್ಚುವ ತೊಂದರೆ ಇರಲಿಲ್ಲ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು ಕೇಳಿದರು: “ಅಲ್ಲ ಸ್ವಾಮಿ, ಕೇಸು ಸರ್ಕಾರದ ಕಡೆಗೇ ಆಯಿತಲ್ಲ. ಇಷ್ಟು ವರ್ಷ ಆದರೂ ಆ ದಾರಿ ನೆಟ್ಟಗೆ ಮಾಡಿಸಿಲ್ಲವೇ?”

ಗೆದ್ದದ್ದು ಆ ಒಂದು ಕ್ರಯದ ಕೇಸು, ಸರ್. ಮಾರದವರ ನೆಲ ಮಾರದವರದ್ದೇ. ಗುಡಿ ಅಲ್ಲೇ ಇದೆ, ದಾರಿ ಹಾಗೇ ಇದೆ.